ಆಡಿಸುವವರ ವಕೀಲರಿಗೆ

ಸಾವಿರಾರು ಜನ ಇಂಟರ್ನೆಟ್‌ನಲ್ಲಿ ಒಟ್ಟು ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರ ಹೊತ್ತು ಆಡುವ ರೋಲ್‌ಪ್ಲೇ ಗೇಮ್‌ಗಳಲ್ಲಿ ಗಲಾಟೆ ಏಳುವುದು ಹೊಸತಲ್ಲ. ಅಡ್ಮಿನ್ ತನ್ನ ಗೆಳೆಯರ ಗುಂಪಿಗೆ ಒಳಗಿಂದೊಳಗೆ ಏನೋ ದಾಟಿಸಿರುತ್ತಾನೆ. ಮಾಡರೇಟರ್ ಕಾರಣ ಹೇಳದೆ ಯಾರನ್ನೋ ಬ್ಯಾನ್ ಮಾಡಿರುತ್ತಾನೆ. ಕೇಳಲು ಹೋದವರಿಗೆ 'ಸ್ಟಾಫ್ ತೀರ್ಮಾನ' ಎಂಬ ಎರಡು ಪದದ ಉತ್ತರ ಸಿಕ್ಕಿರುತ್ತದೆ. ಮರುದಿನವೇ ಸಿಬ್ಬಂದಿಯ ಪರ ವಕೀಲರು ಹಾಜರು. ಆಟ ಬೇರೆ, ದೇಶ ಬೇರೆ, ದಶಕ ಬೇರೆ; ವಕಾಲತ್ತು ಮಾತ್ರ ಅಕ್ಷರ ಬದಲಾಗದೆ ಅದೇ. ಆದ್ದರಿಂದ ವಾದಿಸುವವರ ಹೆಸರು ಇಲ್ಲಿ ಬೇಕಿಲ್ಲ, ವಾದಗಳೇ ಸಾಕು. ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ಆಟ ನಡೆಸುವವರ ಕೈಯಲ್ಲಿರುವುದು ಅಧಿಕಾರ. ಅಧಿಕಾರವಿದ್ದ ಮೇಲೆ ಅದಕ್ಕೆ ಬರೆದಿಟ್ಟ ನಿಯಮ ಬೇಕು, ಬಳಸಿದ್ದಕ್ಕೆ ದಾಖಲೆ ಬೇಕು, ಕೇಳಿದವರಿಗೆ ಉತ್ತರ ಬೇಕು. ಅದೂ ಜನ ಹೆಚ್ಚಿದ ಮೇಲಲ್ಲ, ಬಾಗಿಲು ತೆರೆದ ದಿನದಿಂದ. ಓದುಗರು ಪಂಚರ ಜಾಗದಲ್ಲಿ ಕೂತು ಎರಡೂ ಕಡೆ ಕೇಳಲಿ.

ಹಗುರವಾದದ್ದನ್ನು ಮೊದಲು ಮುಗಿಸೋಣ. 'ಇದು ಬರೀ ಆಟ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ?' ಹೀಗೆ ಕೇಳುವವರೇ ಮರುಗಳಿಗೆ ಸಿಬ್ಬಂದಿ ನಿದ್ದೆಗೆಟ್ಟು ದುಡಿಯುವುದನ್ನು, ಓದು ಉದ್ಯೋಗ ಬದಿಗಿಟ್ಟು ಸರ್ವರ್ ಕಾಯುವುದನ್ನು ಬಣ್ಣಿಸಿ ನಮ್ಮಿಂದ ಕೃತಜ್ಞತೆ ಬಯಸುತ್ತಾರೆ. ಬರೀ ಆಟಕ್ಕೆ ಇಷ್ಟೊಂದು ತ್ಯಾಗ ಯಾಕೆ? ಹೊಗಳಿಕೆ ಪಡೆಯುವಾಗ ಮಹತ್ಕಾರ್ಯ, ಪ್ರಶ್ನೆ ಬಂದಾಗ ಮಕ್ಕಳಾಟ ಎಂಬ ಎರಡು ಲೆಕ್ಕ ನಡೆಯುವುದಿಲ್ಲ. ಯಾವುದಾದರೂ ಒಂದನ್ನು ಆರಿಸಿಕೊಂಡು ಬರಲಿ.

ಎರಡನೆಯದು ಇದಕ್ಕಿಂತ ನಯವಾದ ವಾದ. 'ಆಟ ಚಿಕ್ಕದಿದ್ದಾಗ ಎಲ್ಲ ಸರಿಯಾಗಿತ್ತು. ಜನ ಏಕಾಏಕಿ ಹೆಚ್ಚಿದರು, ಸಿಬ್ಬಂದಿಗೆ ನಿಭಾಯಿಸಲು ಆಗಲಿಲ್ಲ. ಬೆಳೆಯುವಾಗ ನೋವು ಇದ್ದದ್ದೇ, ತಾನಾಗಿ ಕಳೆಯುತ್ತದೆ.' ಇದರ ಅನುಕೂಲವೆಂದರೆ ತಪ್ಪನ್ನು ಯಾರ ಹೆಸರಿಗೂ ಬರೆಯಬೇಕಾಗಿಲ್ಲ, ಜನಸಂಖ್ಯೆಯ ಲೆಕ್ಕಕ್ಕೆ ಹಾಕಿದರಾಯಿತು. ವಾದ ನಿಜವಾದರೆ, ಚಿಕ್ಕ ಆಟದಲ್ಲಿ ಈ ರೋಗ ಕಾಣಿಸಬಾರದು. ನೋಡೋಣ. 1980ರ ದಶಕದ ನಡುವೆ ಲೂಕಾಸ್‌ಫಿಲ್ಮ್ ಗೇಮ್ಸ್‌ನ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಕಟ್ಟಿದ ಹ್ಯಾಬಿಟಾಟ್, ಚಿತ್ರಗಳಲ್ಲಿ ಕಾಣುವ ಮೊದಲ ಆನ್‌ಲೈನ್ ಲೋಕಗಳಲ್ಲಿ ಒಂದು. ಮನೆಯ ಕಮೊಡೋರ್ 64 ಕಂಪ್ಯೂಟರನ್ನು ಫೋನ್ ತಂತಿಗೆ ಹಚ್ಚಿ, ಕ್ವಾಂಟಮ್ ಲಿಂಕ್ ಎಂಬ ಸೇವೆಯ ಮೂಲಕ ಜನ ಅದರೊಳಗೆ ಹೋಗುತ್ತಿದ್ದರು. 20,000 ಮಂದಿ ಹಿಡಿಸುವಂತೆ ಯೋಜಿಸಿದ್ದ ಆ ಲೋಕದಲ್ಲಿ ಪರೀಕ್ಷಾ ಕಾಲದಲ್ಲಿ ಇದ್ದವರು ಕೆಲವು ನೂರು ಮಂದಿ. ಅಲ್ಲಿ ನಡೆದ ಎರಡು ಪ್ರಸಂಗಗಳನ್ನು ಕಟ್ಟಿದವರೇ ಬರೆದಿಟ್ಟಿದ್ದಾರೆ.

ಮೊದಲ ಪ್ರಸಂಗ ದುಡ್ಡಿನದು. ಊರಿನ ಒಂದು ಮೂಲೆಯ ಯಂತ್ರ ಬೊಂಬೆಯೊಂದನ್ನು 75 ಟೋಕನ್‌ಗೆ ಮಾರುತ್ತಿತ್ತು. ಇನ್ನೊಂದು ಮೂಲೆಯ ಗಿರವಿ ಯಂತ್ರ ಅದೇ ಬೊಂಬೆಯನ್ನು 100ಕ್ಕೆ ಕೊಳ್ಳುತ್ತಿತ್ತು. 18,000ಕ್ಕೆ ಸಿಗುವ ಸ್ಫಟಿಕದ ಗೋಲಕ್ಕೆ ಬೇರೊಂದು ಕಡೆ 30,000 ಕೊಡುತ್ತಿದ್ದರು. ಬೆಲೆ ಬರೆದವರು ಸಿಬ್ಬಂದಿಯೇ. ಕೆಲವರು ರಾತ್ರಿಯಿಡೀ ಬೊಂಬೆ ಹೊತ್ತು ತಿರುಗಿ, ಬಂಡವಾಳ ಬೆಳೆದ ಮೇಲೆ ಗೋಲಕ್ಕೆ ಕೈಹಾಕಿ, ಬೆಳಗಾಗುವುದರೊಳಗೆ ಆ ಲೋಕದ ಒಟ್ಟು ಹಣವನ್ನು ಐದು ಪಟ್ಟು ಮಾಡಿದರು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ, ಆದ್ದರಿಂದ ಯಾರೂ ಅವರ ಅಕೌಂಟ್ ಕಿತ್ತುಕೊಳ್ಳಲಿಲ್ಲ. ಹೊಸ ಸಾಹುಕಾರರು ಆ ದುಡ್ಡಿನಲ್ಲಿ ಉಳಿದವರಿಗೆ ನಿಧಿ ಹುಡುಕುವ ಆಟ ಏರ್ಪಡಿಸಿದರು. ಎರಡನೆಯ ಪ್ರಸಂಗ ಬಂದೂಕಿನದು. ನೆಲಮಾಳಿಗೆಯಂಥ ಕತ್ತಲ ಜಾಗದಲ್ಲಿ ತಿರುಗುವ 'ಸಾವು' ಎಂಬ ಪಾತ್ರವನ್ನು ಸಿಬ್ಬಂದಿ ಆಡಿಸುತ್ತಿದ್ದರು. ಅದರ ಕೈಯಲ್ಲಿ ಒಂದೇ ಏಟಿಗೆ ಕೊಲ್ಲುವ ಬಂದೂಕು. ಒಂದು ದಿನ ಆ ಪಾತ್ರ ಹೊತ್ತ ಸಿಬ್ಬಂದಿ ಅಜಾಗ್ರತೆಯಿಂದ ತಾನೇ ಸತ್ತ. ಸತ್ತವರ ಕೈಯಲ್ಲಿದ್ದದ್ದು ಕೆಳಗೆ ಬೀಳಬೇಕು, ಸಿಕ್ಕವರು ಎತ್ತಿಕೊಳ್ಳಬಹುದು ಎಂಬುದು ಅವರದೇ ನಿಯಮ. ಆಟಗಾರ ಎತ್ತಿಕೊಂಡ. ಸಿಬ್ಬಂದಿಯಿಂದ ಬಂದ ಮೊದಲ ಮಾತೇನು ಗೊತ್ತೆ? ಹಿಂದಿರುಗಿಸು, ಇಲ್ಲವಾದರೆ ನಿನ್ನ ಪ್ರವೇಶವೇ ಬಂದ್. ಕಟ್ಟಿದವರು ನಡುವೆ ಬಂದು ಇದನ್ನು ಆಟದೊಳಗೇ ಬಗೆಹರಿಸಬೇಕೆಂದರು. ಕೊನೆಗೆ 10,000 ಟೋಕನ್ ಒತ್ತೆಹಣಕ್ಕೆ ಮಾತಾಗಿ, ಊರ ನಡುವಿನ ಚೌಕದಲ್ಲಿ ಎಲ್ಲರೆದುರು ಬಂದೂಕು ಕೈಬದಲಾಯಿತು.

ಲೋಕ ಒಂದೇ, ಆಡುವವರೂ ಹೆಚ್ಚುಕಡಿಮೆ ಅಷ್ಟೇ ಜನ. ಒಂದು ಕಡೆ ತಾನು ಬರೆದ ನಿಯಮಕ್ಕೆ ಸಿಬ್ಬಂದಿಯೇ ತಲೆಬಾಗಿತು. ಇನ್ನೊಂದು ಕಡೆ ಮುಖಭಂಗವಾದ ಕೂಡಲೇ ಪ್ಲಗ್‌ಗೆ ಕೈಹಾಕಿತು. ಈ ವ್ಯತ್ಯಾಸವನ್ನು ಜನಸಂಖ್ಯೆಯಿಂದ ವಿವರಿಸಲು ವಕೀಲರಿಗೆ ನನ್ನ ಆಹ್ವಾನವಿದೆ. ಜನ ಹೆಚ್ಚಾದಾಗ ರೋಗ ಹುಟ್ಟಲಿಲ್ಲ, ಹೊರಗಿನವರ ಕಣ್ಣಿಗೆ ಬಿತ್ತು, ಅಷ್ಟೆ. ಕೆಲವು ನೂರು ಮಂದಿಯ ನಡುವೆ ಪಿಸುಮಾತಾಗಿ ಮುಗಿಯುತ್ತಿದ್ದದ್ದು ಲಕ್ಷ ಜನರ ನಡುವೆ ಗಲಾಟೆಯಾಗುತ್ತದೆ.

ಇನ್ನು ಗೆಳೆತನದ ವಾದ. 'ನಾವೆಲ್ಲ ಸ್ನೇಹಿತರು ಸೇರಿ ಪ್ರೀತಿಯಿಂದ ನಡೆಸುತ್ತಿದ್ದೇವೆ. ಎಲ್ಲವನ್ನೂ ಬರೆದಿಡಲು ಹೊರಟರೆ ಇದೂ ಸರ್ಕಾರಿ ಕಚೇರಿಯಾಗುತ್ತದೆ. ಕಾಮನ್ ಸೆನ್ಸ್ ಸಾಕು.' ಅಮೆರಿಕದ ಮಹಿಳಾ ವಿಮೋಚನಾ ಗುಂಪುಗಳಲ್ಲಿ ದುಡಿದ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲೇ ಈ ಭ್ರಮೆಯ ಚರ್ಮ ಸುಲಿದು ತೋರಿಸಿದ್ದರು. ನಾಯಕರಿಲ್ಲ, ನಿಯಮವಿಲ್ಲ ಎಂದು ಹೇಳಿಕೊಳ್ಳುವ ಗುಂಪಿನಲ್ಲೂ ನಾಯಕರು ಇದ್ದೇ ಇರುತ್ತಾರೆ, ನಿಯಮಗಳೂ ಇರುತ್ತವೆ. ಅವು ಹಳಬರ ಗೆಳೆತನದೊಳಗೆ ಅಡಗಿರುವುದರಿಂದ ಹೊಸಬರಿಗೆ ಕಾಣುವುದಿಲ್ಲ. ಯಾರೂ ಆರಿಸದ ನಾಯಕರನ್ನು ಇಳಿಸುವ ದಾರಿಯೂ ಯಾರಿಗೂ ಗೊತ್ತಿರುವುದಿಲ್ಲ. ರೋಲ್‌ಪ್ಲೇ ಸರ್ವರ್‌ಗಳಲ್ಲಿ ಇದು ಅಕ್ಷರಶಃ ನಡೆಯುತ್ತದೆ. ಬರೆಯದ ನಿಯಮ ಒಂದಿತ್ತೆಂದು ಹೊಸಬನಿಗೆ ತಿಳಿಯುವುದು ಅದರಡಿ ಶಿಕ್ಷೆಯಾದಾಗ. ಅದಿರಲಿ, ಬರೆಯುವುದೆಂದರೆ ಇವರಿಗೆ ನಿಜಕ್ಕೂ ಅಲರ್ಜಿಯೆ? ಇವರ ಆಟದ ಕೈಪಿಡಿ ತೆರೆದು ನೋಡಿ. ಯಾವ ಕತ್ತಿಗೆ ಎಷ್ಟು ಏಟು, ಯಾವ ಕವಚ ಎಷ್ಟು ತಡೆಯುತ್ತದೆ, ಯಾವ ಮಂತ್ರ ಎಷ್ಟು ಸೆಕೆಂಡಿಗೆ ಇಳಿಯುತ್ತದೆ, ಎಲ್ಲಕ್ಕೂ ದಶಾಂಶದವರೆಗೆ ಲೆಕ್ಕವಿದೆ. ಮನುಷ್ಯನೊಬ್ಬನನ್ನು ಹೊರಗೆ ಹಾಕುವುದಕ್ಕೆ ಮಾತ್ರ ಕಾಮನ್ ಸೆನ್ಸ್ ಸಾಕಂತೆ.

ಇಲ್ಲಿ ಸೋತವರು ಸಾಮಾನ್ಯವಾಗಿ ಎದುರು ದಿಕ್ಕಿಗೆ ಓಡುತ್ತಾರೆ. 'ಸರಿ, ಸಿಬ್ಬಂದಿಯ ಅಧಿಕಾರವೇ ನಿಮಗೆ ತೊಂದರೆಯಲ್ಲವೆ? ಹಾಗಾದರೆ ನಾವು ಸರ್ವರ್ ಮಾತ್ರ ನೋಡಿಕೊಳ್ಳುತ್ತೇವೆ. ಜಗಳ, ದೂರು, ನಡತೆ ಎಲ್ಲ ಆಟಗಾರರೇ ಬಗೆಹರಿಸಿಕೊಳ್ಳಲಿ.' ವಿನಯದಂತೆ ಕೇಳಿಸುವ ಈ ಮಾತು ನಿಜದಲ್ಲಿ ಎಲ್ಲಕ್ಕಿಂತ ದೊಡ್ಡ ಜಾರಿಕೆ. ಇದನ್ನು ಪ್ರಾಮಾಣಿಕವಾಗಿ ಪ್ರಯೋಗ ಮಾಡಿ ನೋಡಿದವರೂ ಇದ್ದಾರೆ. ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ 1990ರಲ್ಲಿ ಲ್ಯಾಂಬ್ಡಾಮೂ ಶುರು ಮಾಡಿದರು. ಚಿತ್ರವಿಲ್ಲ, ಧ್ವನಿಯಿಲ್ಲ, ಎಲ್ಲವೂ ಬರಹದಲ್ಲೇ ನಡೆಯುವ ಒಂದು ದೊಡ್ಡ ಮನೆ. ಅದನ್ನು ನಡೆಸುವವರಿಗೆ ವಿಝರ್ಡ್ ಎಂದು ಹೆಸರು. ಜನ ಸಾವಿರಗಟ್ಟಲೆ ಬಂದರು, ವಿಝರ್ಡ್‌ಗಳ ಸಮಯವೆಲ್ಲ ಪಂಚಾಯಿತಿಗೇ ಹೋಗತೊಡಗಿತು. 1992ರ ಡಿಸೆಂಬರ್‌ನಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಮುಂದೆ ವಿಝರ್ಡ್‌ಗಳು ತಂತ್ರಜ್ಞರು ಮಾತ್ರ. ಸಮಾಜದ ತೀರ್ಮಾನಗಳು ಸಮಾಜದವು.

ಮೂರು ತಿಂಗಳು ಕಳೆಯಿತು. 1993ರ ಮಾರ್ಚ್‌ನ ಒಂದು ರಾತ್ರಿ ಮಿಸ್ಟರ್ ಬಂಗಲ್ ಎಂಬ ಪಾತ್ರ, ಬೇರೆಯವರ ಪಾತ್ರಗಳ ಹೆಸರಿನಲ್ಲಿ ಮಾತು ಮತ್ತು ಕೃತ್ಯ ಹೊರಡಿಸುವ ಪ್ರೋಗ್ರಾಂ ಬಳಸಿ, ತುಂಬಿದ ಕೋಣೆಯಲ್ಲಿ ಆ ಪಾತ್ರಗಳ ಮೇಲೆ ಲೈಂಗಿಕ ದೌರ್ಜನ್ಯದ ವಿವರಗಳನ್ನು ಬರೆಸುತ್ತಾ ಹೋಯಿತು. ಪತ್ರಕರ್ತ ಜೂಲಿಯನ್ ಡಿಬೆಲ್ ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಇದನ್ನು ಬರೆದ ಮೇಲೆ ಪ್ರಕರಣ ಜಗತ್ತಿಗೆ ಗೊತ್ತಾಯಿತು. ನಮ್ಮ ವಾದಕ್ಕೆ ಬೇಕಾದದ್ದು ಆಮೇಲೆ ನಡೆದದ್ದು. ಜನ ಸಭೆ ಸೇರಿದರು, ಗಂಟೆಗಟ್ಟಲೆ ಚರ್ಚಿಸಿದರು. ಆದರೆ ತೀರ್ಮಾನ ಮಾಡುವ ವಿಧಾನವೇ ಅವರ ಬಳಿ ಇರಲಿಲ್ಲ. ಜಾರಿ ಮಾಡುವ ಕೀಲಿಯಂತೂ ವಿಝರ್ಡ್‌ಗಳ ಹತ್ತಿರವೇ ಉಳಿದಿತ್ತು. ಸಭೆ ತೀರ್ಮಾನವಿಲ್ಲದೆ ಚೆದುರಿತು. ಅದಾದ ಮೇಲೆ ಒಬ್ಬ ವಿಝರ್ಡ್ ತಾನೊಬ್ಬನೇ ಕೂತು ಯೋಚಿಸಿ, ಬಂಗಲ್ ಪಾತ್ರವನ್ನು ಅಳಿಸಿಹಾಕಿದ. 'ಸಮಾಜದ ತೀರ್ಮಾನ ಸಮಾಜದ್ದು' ಎಂಬ ಘೋಷಣೆಯ ಅಡಿಯಲ್ಲಿ ನಡೆದ ಅತಿ ಮುಖ್ಯ ತೀರ್ಮಾನವನ್ನು ಒಬ್ಬನೇ, ಯಾವ ನಿಯಮವೂ ಇಲ್ಲದೆ, ತೆಗೆದುಕೊಂಡ. ಆತ ಮಾಡಿದ್ದು ನ್ಯಾಯವೇ ಇರಬಹುದು. ಆದರೆ ಅಧಿಕಾರ ಬಿಟ್ಟುಕೊಟ್ಟೆವು ಎಂದವರು ಬಿಟ್ಟುಕೊಟ್ಟದ್ದು ಹೊಣೆಯನ್ನು ಮಾತ್ರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ? ಅಂದಹಾಗೆ, ಅಳಿಸಿದ್ದೂ ಗಟ್ಟಿಯಾಗಿ ನಿಲ್ಲಲಿಲ್ಲ. ಬಂಗಲ್ ಹಿಂದಿದ್ದ ಆಸಾಮಿ ಸ್ವಲ್ಪ ಕಾಲದಲ್ಲೇ ಡಾಕ್ಟರ್ ಜೆಸ್ಟ್ ಎಂಬ ಹೊಸ ಹೆಸರಿನಲ್ಲಿ ಒಳಗೆ ಬಂದ.

ಪ್ರಕರಣದ ಬಿಸಿಯಲ್ಲೇ ಕರ್ಟಿಸ್ ಅರ್ಜಿ ಮತ್ತು ಮತದಾನದ ವ್ಯವಸ್ಥೆ ತಂದರು. ಅದು ಸಾಲದಾಯಿತು. 1996ರ ಮೇ ತಿಂಗಳಲ್ಲಿ ವಿಝರ್ಡ್‌ಗಳು ಇನ್ನೊಂದು ಪ್ರಕಟಣೆ ಹೊರಡಿಸಿ ಹಳೆಯದನ್ನು ವಾಪಸು ಪಡೆದರು. ಸಾಮಾಜಿಕ ತೀರ್ಮಾನದಿಂದ ದೂರ ಉಳಿಯುವುದು ತಮಗೆ ಸಾಧ್ಯವೇ ಆಗಿರಲಿಲ್ಲ, ಇನ್ನು ಹಾಗೆ ನಟಿಸುವುದಿಲ್ಲ ಎಂಬುದು ಅದರ ತಿರುಳು. ತಾಂತ್ರಿಕ ಕೆಲಸ ಬೇರೆ, ಸಮಾಜದ ಕೆಲಸ ಬೇರೆ ಎಂದು ಗೆರೆ ಎಳೆದವರೇ ಮೂರೂವರೆ ವರ್ಷದ ಬಳಿಕ ಗೆರೆ ಅಳಿಸಿದ್ದಾರೆ. ಕಾರಣ ಸರಳ. ಯಾರ ದೂರಿಗೆ ಕೋಡ್ ಬದಲಾಗುತ್ತದೆ, ಯಾರ ದೂರಿಗೆ ಆಗುವುದಿಲ್ಲ ಎಂಬುದೇ ಒಂದು ಸಾಮಾಜಿಕ ತೀರ್ಮಾನ. ಇಷ್ಟಾದ ಮೇಲೂ 'ನಾವು ಸರ್ವರ್ ಮಾತ್ರ ನೋಡಿಕೊಳ್ಳುತ್ತೇವೆ' ಎನ್ನುವವರು ಲ್ಯಾಂಬ್ಡಾಮೂ ಬಗ್ಗೆ ಕೇಳಿಲ್ಲ, ಇಲ್ಲವೆ ಕೇಳಿಯೂ ನಮಗೆ ಗೊತ್ತಿರಲಾರದು ಎಂದುಕೊಂಡಿದ್ದಾರೆ.

ವಕಾಲತ್ತಿನ ನಿಜವಾದ ಬಲ ಇರುವುದು ಮುಂದಿನ ವಾದದಲ್ಲಿ, ಏಕೆಂದರೆ ಅದರಲ್ಲಿ ಕರುಣೆಯ ರಸವಿದೆ. 'ಸಿಬ್ಬಂದಿ ಸಂಬಳ ಪಡೆಯುವವರಲ್ಲ, ಸ್ವಯಂಸೇವಕರು. ಪುಕ್ಕಟೆ ದುಡಿಯುವವರಿಂದ ಲೆಕ್ಕ ಕೇಳುವುದು ಕೃತಘ್ನತೆ.' ಇಲ್ಲಿ ಎರಡು ಬೇರೆ ಮಾತುಗಳನ್ನು ಒಂದೇ ಗಂಟು ಕಟ್ಟಿದ್ದಾರೆ, ಬಿಚ್ಚಬೇಕು. ಒಂದು, ಪುಕ್ಕಟೆ ದುಡಿದರೆ ಅಧಿಕಾರ ಕರಗುವುದೆ? ಬ್ಯಾನ್ ಮಾಡುವ ಬಟನ್ ಒತ್ತಿದವನಿಗೆ ಸಂಬಳ ಬರುತ್ತದೋ ಇಲ್ಲವೋ ಎಂಬುದರಿಂದ ಬ್ಯಾನ್ ಆದವನಿಗೆ ಏನು ವ್ಯತ್ಯಾಸವಾಯಿತು? ಶಿಸ್ತುಕ್ರಮ ತೆಗೆದುಕೊಳ್ಳುವಾಗ 'ಸ್ಟಾಫ್', ವಿವರಣೆ ಕೊಡುವಾಗ 'ಪಾಪ, ಸ್ವಯಂಸೇವಕ' ಎಂದು ಒಂದೇ ಮನುಷ್ಯನಿಗೆ ಎರಡು ವೇಷ ಹಾಕಿಸುವುದನ್ನು ನಿಲ್ಲಿಸಬೇಕು. ಎರಡು, ಅವರ ಮೇಲೆ ಇಷ್ಟೊಂದು ಕರುಣೆ ಇರುವವರು ಅವರನ್ನು ಪುಕ್ಕಟೆ ದುಡಿಸಿಕೊಳ್ಳುವವರನ್ನು ಒಂದು ಮಾತೂ ಕೇಳುವುದಿಲ್ಲವೇಕೆ?

ಈ ಪ್ರಶ್ನೆಯನ್ನು ಸ್ವಯಂಸೇವಕರೇ ಕೋರ್ಟಿಗೆ ಒಯ್ದಿದ್ದಾರೆ. ಹ್ಯಾಬಿಟಾಟ್ ನಡೆಸಿದ ಕ್ವಾಂಟಮ್ ಲಿಂಕ್ ಸೇವೆಯ ಹಿಂದಿದ್ದ ಕಂಪನಿಯೇ ಮುಂದೆ ಅಮೆರಿಕ ಆನ್‌ಲೈನ್ ಆಯಿತು. ಅದರ ಚಾಟ್ ಕೋಣೆಗಳನ್ನೂ ಆಟಗಳನ್ನೂ ಕಾಯುತ್ತಿದ್ದ 'ಸಮುದಾಯ ನಾಯಕರು' ಒಂದು ಹಂತದಲ್ಲಿ 14,000ದಷ್ಟಿದ್ದರು. ಅವರಿಗೆ ಸಿಗುತ್ತಿದ್ದದ್ದು ಉಚಿತ ಇಲ್ಲವೆ ರಿಯಾಯಿತಿ ದರದ ಅಕೌಂಟ್. ಅವರು ಮುಂದಿಟ್ಟ ದೂರಿನ ಪ್ರಕಾರ ಮಾಡಬೇಕಿದ್ದದ್ದು ತಿಂಗಳುಗಟ್ಟಲೆ ತರಬೇತಿ, ವಾರಕ್ಕೆ ಇಂತಿಷ್ಟು ಗಂಟೆ ಪಾಳಿ, ಪಾಳಿಯ ಹಾಜರಿ ಚೀಟಿ. 1999ರಲ್ಲಿ ಕೆಲವರು, ಇದು ಸೇವೆಯಲ್ಲ ಕೂಲಿ, ಕನಿಷ್ಠ ವೇತನ ಕೊಡಿ ಎಂದು ದಾವೆ ಹೂಡಿದರು. ಹತ್ತು ವರ್ಷಕ್ಕೂ ಹೆಚ್ಚು ಎಳೆದಾಡಿ 2010ರಲ್ಲಿ 1.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅಲ್ಟಿಮಾ ಆನ್‌ಲೈನ್ ಆಟದಲ್ಲೂ ಇದೇ ಕಥೆ. 1997ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆದ ಈ ಆಟಕ್ಕೆ ಆರು ತಿಂಗಳೊಳಗೆ ಲಕ್ಷ ಚಂದಾದಾರರು. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ಆಟಗಾರರಿಂದಲೇ ಕೌನ್ಸಿಲರ್ ಎಂಬ ಸ್ವಯಂಸೇವಕರನ್ನು ಆರಿಸಿದ್ದರು. 2000ದಲ್ಲಿ ಅಂಥ ಕೆಲವರು ಕಾರ್ಮಿಕ ಕಾನೂನಿನಡಿ ಕಂಪನಿಯನ್ನು ಕೋರ್ಟಿಗೆಳೆದರು. ಅದೂ ರಾಜಿಯಲ್ಲೇ ಮುಗಿಯಿತು. ಈ ದಾವೆಗಳ ತಿರುಳನ್ನು ಗಮನಿಸಿ. ಪಾಳಿ, ತರಬೇತಿ, ವರದಿ, ಮೇಲಧಿಕಾರಿ ಎಲ್ಲ ಇದ್ದ ಮೇಲೆ ಇದು ಉದ್ಯೋಗವೇ ಎಂದು ಹೇಳಿದವರು ಟೀಕಾಕಾರರಲ್ಲ, ಸ್ವತಃ ಆ ಸಿಬ್ಬಂದಿ. ವಕೀಲರು ಯಾರ ಪರ ಕಣ್ಣೀರು ಹಾಕುತ್ತಿದ್ದಾರೋ ಅವರೇ ಎದುರು ಪಕ್ಷದ ಸಾಕ್ಷಿಯಾಗಿ ಕಟಕಟೆಯಲ್ಲಿ ನಿಂತಿದ್ದಾರೆ.

'ಆಟ ಆಡದವರಿಗೆ ಆಟ ನಡೆಸಲು ಬರುವುದಿಲ್ಲ. ಸಿಬ್ಬಂದಿಯೂ ಆಡಬೇಕು, ಗುಂಪುಗಳಲ್ಲಿ ಇರಬೇಕು, ಆಗಲೇ ನಾಡಿ ತಿಳಿಯುತ್ತದೆ.' ಮೊದಲ ವಾಕ್ಯ ನಿಜ, ಉಳಿದದ್ದು ಅದರ ಬೆನ್ನೇರಿ ಬಂದದ್ದು. ಆಟ ಗೊತ್ತಿರಬೇಕು ಎಂಬುದರಿಂದ, ಗೆಲುವಿನಲ್ಲಿ ಪಾಲು ಇರಬೇಕು ಎಂಬುದು ಹೇಗೆ ಬಂತು? ಯಕ್ಷಗಾನದಲ್ಲಿ ಭಾಗವತರಿಗೆ ಪ್ರಸಂಗದ ಪ್ರತಿ ನಡೆಯೂ ಗೊತ್ತು. ಹಾಗೆಂದು ಜಾಗಟೆ ಕೆಳಗಿಟ್ಟು, ಕಿರೀಟ ಕಟ್ಟಿಕೊಂಡು, ಕರ್ಣನ ಪಕ್ಷ ಸೇರಿ ಅರ್ಜುನನ ತಾಳ ತಪ್ಪಿಸಲು ಹೋಗುವುದಿಲ್ಲ. ಈವ್ ಆನ್‌ಲೈನ್‌ನಲ್ಲಿ ಅದೇ ನಡೆಯಿತು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಿಂದ ನಡೆಸುತ್ತಿರುವ ಈ ಬಾಹ್ಯಾಕಾಶದ ಆಟದಲ್ಲಿ ಆಟಗಾರರ ಒಕ್ಕೂಟಗಳು ವರ್ಷಗಟ್ಟಲೆ ಯುದ್ಧ ಮಾಡುತ್ತವೆ. ಟಿ20 ಎಂಬ ಹೆಸರಿನಿಂದ ಗೊತ್ತಿದ್ದ ಕಂಪನಿಯ ಡೆವಲಪರ್ ಒಬ್ಬ, ತಾನಿದ್ದ ಒಕ್ಕೂಟದ ಕೈಗೆ ಅತಿ ಅಪರೂಪದ ಹಡಗು ನಕ್ಷೆಗಳು ಸೇರುವಂತೆ ಮಾಡಿದ್ದ. ಆ ಒಕ್ಕೂಟ ಆಗ ಆಟದಲ್ಲಿ ಅತಿ ಬಲಿಷ್ಠವಾದವುಗಳಲ್ಲಿ ಒಂದಾಗಿದ್ದದ್ದು ಕಾಕತಾಳೀಯ ಎಂದು ವಾದಿಸುವವರೂ ಸಿಗುತ್ತಾರೆ. ವಿಷಯ ಹೊರಬಂದದ್ದು 2007ರ ಫೆಬ್ರುವರಿಯಲ್ಲಿ. ಕಂಪನಿ ತಾನಾಗಿ ಹೇಳಿದ್ದರಿಂದಲ್ಲ, ಆಟಗಾರನೊಬ್ಬ ಬಯಲಿಗೆ ಎಳೆದದ್ದರಿಂದ. ಆಮೇಲೆ ಸಿಸಿಪಿ ತನ್ನದೇ ನೌಕರರ ಆಟದ ಮೇಲೆ ಕಣ್ಣಿಡುವ ಆಂತರಿಕ ವಿಭಾಗವನ್ನು ಸ್ಥಾಪಿಸಿತು. ಸಿಬ್ಬಂದಿ ಆಡಿದರೆ ನಾಡಿ ತಿಳಿಯುತ್ತದೆ ಎನ್ನುವವರು, ಯಾರ ನಾಡಿ ಎಂಬುದನ್ನೂ ಹೇಳಿದರೆ ಒಳ್ಳೆಯದು.

ನನ್ನ ಕಡೆಯವರೇ ಎಂದುಕೊಂಡಿರುವ ಕೆಲವರ ವಾದವೂ ಒಂದಿದೆ. ಅದನ್ನು ಬಿಟ್ಟುಬಿಟ್ಟರೆ ಪಕ್ಷಪಾತವಾದೀತು. 'ಆಟಗಾರರಿಂದ ಚುನಾಯಿತ ಮಂಡಳಿ ಇರಲಿ, ಸಿಬ್ಬಂದಿಯ ಮೇಲೆ ಅದು ಕಣ್ಣಿಡಲಿ, ಎಲ್ಲ ಸರಿಹೋಗುತ್ತದೆ.' ಇದನ್ನೂ ಸಿಸಿಪಿಯೇ ಮಾಡಿ ನೋಡಿದೆ. 2008ರಲ್ಲಿ ಆಟಗಾರರು ಮತ ಹಾಕಿ ಮಂಡಳಿ ಆರಿಸಿದರು, ಒಂಬತ್ತು ಮಂದಿಯನ್ನು ಕಂಪನಿ ಐಸ್‌ಲ್ಯಾಂಡಿಗೆ ಕರೆಸಿಕೊಂಡು ಮಾತಾಡಿಸಿತು. ಎರಡು ವರ್ಷ ತುಂಬುವುದರೊಳಗೆ ಮಂಡಳಿಯ ಸದಸ್ಯನೊಬ್ಬ, ಗೋಪ್ಯವಾಗಿ ತಿಳಿದ ಮುಂಬರುವ ಬದಲಾವಣೆಯ ಆಧಾರದ ಮೇಲೆ ಆಟದ ಮಾರುಕಟ್ಟೆಯಲ್ಲಿ ಸರಕು ಕೊಂಡಿಟ್ಟು, ಸಿಕ್ಕಿಬಿದ್ದು, ಸ್ಥಾನ ಬಿಡಬೇಕಾಯಿತು. ಮತಪೆಟ್ಟಿಗೆಯಿಂದ ಬಂದ ಮಾತ್ರಕ್ಕೆ ಅಧಿಕಾರದ ಗುಣ ಬದಲಾಗುವುದಿಲ್ಲ. ಮಂಡಳಿಯೂ ಅಧಿಕಾರವೇ, ಅದಕ್ಕೂ ಅದೇ ನಿಯಮ ಬೇಕು. ಆದರೂ ಒಂದು ವ್ಯತ್ಯಾಸವನ್ನು ಪಂಚರು ಗುರುತು ಹಾಕಿಕೊಳ್ಳಲಿ. ಗೋಪ್ಯ ಮಾಹಿತಿ ಬಳಸಬಾರದು ಎಂಬ ಕಟ್ಟಳೆ ಮಂಡಳಿಗೆ ಮೊದಲೇ ಇತ್ತು, ಆದ್ದರಿಂದ ಆತ ಹೋದದ್ದು ವಾದವಿವಾದವಿಲ್ಲದೆ. ಟಿ20 ಪ್ರಕರಣ ಇವತ್ತಿಗೂ ಹಳೆಯ ಆಟಗಾರರ ನಡುವೆ ಜಗಳದ ವಸ್ತು.

'ಸರ್ವರ್ ಅವರದು, ಖರ್ಚು ಅವರದು. ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಿ, ನಿಮ್ಮದೇ ಒಂದು ಕಟ್ಟಿಕೊಳ್ಳಿ.' ಇದು ವಾದವಲ್ಲ, ಬಾಗಿಲು ತೋರಿಸುವುದು. ಆದರೂ ಉತ್ತರ ಕೊಡೋಣ. ಆಟದ ಅಂಗಳ ಮಾಲೀಕರದು, ಒಪ್ಪಿದೆ. ಅದರೊಳಗಿನ ಊರು ಯಾರದು? ನಾಲ್ಕು ವರ್ಷ ಕೂತು ಕಟ್ಟಿದ ಪಾತ್ರ, ಅದರ ಸಂಬಂಧಗಳು, ಅದು ಕೊಟ್ಟ ಮಾತು, ತೀರಿಸಬೇಕಾದ ಹಗೆ, ಇವನ್ನೆಲ್ಲ ಇನ್ನೊಂದು ಸರ್ವರ್‌ಗೆ ಕಾಪಿ ಮಾಡಿಕೊಂಡು ಹೋಗಲು ಬರುವುದಿಲ್ಲ. ಇದು ಮಾಲೀಕರಿಗೂ ಚೆನ್ನಾಗಿ ಗೊತ್ತು. ಬಿಟ್ಟು ಹೋಗುವುದು ಕಷ್ಟವಾಗುವಂತೆ ಆಟ ಕಟ್ಟುವುದೇ ಅವರ ಕಸುಬು. ಉಳಿಸಿಕೊಳ್ಳುವ ತಂತ್ರದಿಂದ ಬದುಕುವವರು ದೂರು ಬಂದಾಗ ಮಾತ್ರ ಸ್ವಾತಂತ್ರ್ಯದ ಉಪದೇಶ ಮಾಡುತ್ತಾರೆ. ಇನ್ನೊಂದು ವಿಷಯ. ಬಿಟ್ಟು ಹೋಗುವ ಬದಲು ಒಳಗೇ ನಿಂತು ಕೂಗಿದವರಿಂದ ಆಟಗಳು ಎಷ್ಟೋ ಸಲ ಬದುಕಿವೆ. 1997ರ ನವೆಂಬರ್‌ನಲ್ಲಿ ಅಲ್ಟಿಮಾ ಆನ್‌ಲೈನ್‌ನ ಆಟಗಾರರು ಸರ್ವರ್‌ನ ಅವ್ಯವಸ್ಥೆ ಪ್ರತಿಭಟಿಸಿ ರಾಜನ ಕೋಟೆಗೆ ನುಗ್ಗಿ, ಪಾತ್ರಗಳ ಬಟ್ಟೆ ಕಳಚಿ, ಕುಡಿದು ವಾಂತಿ ಮಾಡಿದರು. ಸಭ್ಯವಾಗಿತ್ತೆಂದು ನಾನು ಹೇಳಲಾರೆ. 2011ರ ಜೂನ್‌ನಲ್ಲಿ ಈವ್ ಆಟದಲ್ಲಿ ಒಂದು ಕಣ್ಣಿನ ಕನ್ನಡಕಕ್ಕೆ ಅರವತ್ತು ಡಾಲರ್‌ಗೂ ಹೆಚ್ಚು ಬೆಲೆ ಇಟ್ಟಾಗ, ಜೊತೆಗೆ ದುಡ್ಡು ಮಾಡುವ ಬಗ್ಗೆ ಕಂಪನಿಯ ಒಳಗಿನ ಸುದ್ದಿಪತ್ರ ಸೋರಿಕೆಯಾದಾಗ, ಸಾವಿರಾರು ಹಡಗುಗಳು ಆಟದ ದೊಡ್ಡ ಮಾರುಕಟ್ಟೆಯ ಸ್ಮಾರಕದ ಮೇಲೆ ಗುಂಡು ಸುರಿಸಿದವು. ಕಂಪನಿ ಆಟಗಾರರ ಮಂಡಳಿಯನ್ನು ತುರ್ತಾಗಿ ಕರೆಸಿತು. ಮುಖ್ಯಸ್ಥರು ಆ ವರ್ಷವೇ ಕ್ಷಮೆ ಕೇಳಿದರು. ಬಿಟ್ಟು ಹೋಗಿ ಎನ್ನುವ ಸಲಹೆಯನ್ನು ಎಲ್ಲರೂ ಪಾಲಿಸಿದ್ದರೆ ಕ್ಷಮೆ ಕೇಳಲು ಅಲ್ಲಿ ಯಾರೂ ಉಳಿದಿರುತ್ತಿರಲಿಲ್ಲ.

ಉಳಿದದ್ದು ಒಂದು, ಸುಸ್ತಾದವರ ವಾದ. 'ಪ್ರತಿ ಬ್ಯಾನ್‌ಗೂ ಕಾರಣ ಬರೆಯುತ್ತಾ, ಪ್ರತಿ ಮೇಲ್ಮನವಿಗೂ ಉತ್ತರಿಸುತ್ತಾ ಕೂತರೆ ಆಟ ನಡೆಸಲು ಸಮಯ ಎಲ್ಲಿ?' ಕಾರಣ ಬರೆಯಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕ ಕೊಡುತ್ತಾರೆ. ಬರೆಯದೆ ಇದ್ದರೆ ಎಷ್ಟು ಹೊತ್ತು ಹೋಗುತ್ತದೆ ಎಂಬ ಲೆಕ್ಕ ಕೊಡುವುದಿಲ್ಲ. ಅದನ್ನು ನಾನು ಕೊಡುತ್ತೇನೆ. 1997ರ ಆಗಸ್ಟ್. ಅಲ್ಟಿಮಾ ಆನ್‌ಲೈನ್ ಇನ್ನೂ ಪರೀಕ್ಷೆಯಲ್ಲಿದೆ. ಆಟದ ಸೃಷ್ಟಿಕರ್ತ ರಿಚರ್ಡ್ ಗ್ಯಾರಿಯಟ್ ತನ್ನ ರಾಜ ಪಾತ್ರ ಲಾರ್ಡ್ ಬ್ರಿಟಿಷ್ ಆಗಿ ಪ್ರಜೆಗಳೆದುರು ನಿಂತಿದ್ದಾರೆ. ಸರ್ವರ್ ರೀಸ್ಟಾರ್ಟ್ ಆದ ಮೇಲೆ ಸಾವಿಲ್ಲದ ವರವನ್ನು ಮತ್ತೆ ಹಾಕಿಕೊಳ್ಳಲು ಮರೆತಿದ್ದಾರೆ. ರೈನ್ಜ್ ಎಂಬ ಆಟಗಾರ ಬೆಂಕಿಯ ಮಂತ್ರ ಎಸೆದ, ರಾಜ ಸತ್ತ. ಸಿಬ್ಬಂದಿ ರಾಕ್ಷಸರನ್ನು ಕರೆಸಿ ನೆರೆದಿದ್ದ ಜನರ ಮೇಲೆ ಬಿಟ್ಟಿತು. ಏನೂ ಮಾಡದೆ ನೋಡುತ್ತಿದ್ದವರೂ ಸತ್ತರು. ಕೆಲವೇ ದಿನಗಳಲ್ಲಿ ರೈನ್ಜ್‌ನ ಪರೀಕ್ಷಾ ಅಕೌಂಟ್ ರದ್ದಾಯಿತು. ಕೊಂದದ್ದಕ್ಕಲ್ಲ, ಹಿಂದೆ ಆಟದ ದೋಷಗಳನ್ನು ವರದಿ ಮಾಡದೆ ದುರುಪಯೋಗ ಮಾಡಿಕೊಂಡ ದೂರುಗಳಿದ್ದವು ಎಂದು ಕಂಪನಿ ಹೇಳಿತು.

ಕಂಪನಿಯ ಮಾತು ನಿಜವೇ ಇರಬಹುದು. ಆ ದೂರುಗಳು ರಾಜ ಸಾಯುವ ಮೊದಲೇ ದಾಖಲಾಗಿದ್ದರೆ, ಎಚ್ಚರಿಕೆ ಕೊಟ್ಟ ದಿನಾಂಕ ಅವನಿಗೂ ಉಳಿದವರಿಗೂ ಗೊತ್ತಿದ್ದರೆ, ಎರಡು ಸಾಲಿನಲ್ಲಿ ಮಾತು ಮುಗಿಯುತ್ತಿತ್ತು. ಆ ಎರಡು ಸಾಲು ಸಮಯಕ್ಕೆ ಸರಿಯಾಗಿ ಬರೆಯದಿದ್ದದ್ದಕ್ಕೆ, ರಾಜನನ್ನು ಕೊಂದವನನ್ನು ಹೊರಗೆ ಹಾಕಿದರು ಎಂಬ ಮಾತು ಸುಮಾರು ಮೂವತ್ತು ವರ್ಷದಿಂದ ಆ ಆಟದ ಹೆಸರಿನ ಜೊತೆಗೇ ತಿರುಗುತ್ತಿದೆ, ಕಂಪನಿಯ ವಿವರಣೆಯೂ ಅದರ ಹಿಂದೆ ಹಿಂದೆಯೇ ಓಡುತ್ತಿದೆ. ಸಮಯ ಉಳಿಸುವ ಬಗ್ಗೆ ವಕೀಲರು ಇನ್ನೇನಾದರೂ ಹೇಳುವುದಿದ್ದರೆ ಹೇಳಲಿ.